ಥಮೆಲ್, ಅಸನ್, ಪಾಟನ್, ಭಕ್ತಪುರ: ಕಾಠ್ಮಂಡುವಿನಲ್ಲಿ ಯಾವುದನ್ನು ಎಲ್ಲಿ ಕೊಳ್ಳೋದು?

ಕಾಠ್ಮಂಡುವಿಗೆ ಹೋದವರ ಶಾಪಿಂಗ್ ಹೆಚ್ಚಾಗಿ ಥಮೆಲ್‌ನಲ್ಲೇ ಮುಗಿಯುತ್ತದೆ. ಉಳಿದುಕೊಳ್ಳುವ ಹೋಟೆಲ್ ಅಲ್ಲೇ, ಊಟವೂ ಅಲ್ಲೇ, ಅಂಗಡಿಗಳೂ ರಾತ್ರಿಯವರೆಗೆ ತೆರೆದಿರುತ್ತವೆ. ಆದರೆ ಅಲ್ಲಿರುವ ಸಾಮಾನಿನಲ್ಲಿ ಜಾಸ್ತಿ ಪಾಲು ಬೇರೆ ಕಡೆ ತಯಾರಾಗಿ ಬಂದದ್ದು. ಹಾಗಾಗಿ ಸಿಂಗಿಂಗ್ ಬೌಲ್ (ಹೊಡೆದರೆ ನಾದ ಬರುವ ಲೋಹದ ಬಟ್ಟಲು), ಶಾಲು, ಥಂಕಾ (ಬಟ್ಟೆಯ ಮೇಲೆ ಬರೆದ ಬೌದ್ಧ ಚಿತ್ರ), ಮೂರ್ತಿ, ಮರದ ಕೆತ್ತನೆ ಇವನ್ನೆಲ್ಲ ಥಮೆಲ್‌ನಲ್ಲೂ ಕೇಳಿದೆ, ಹಳೇ ಪೇಟೆ ಅಸನ್‌ನಲ್ಲೂ ಕೇಳಿದೆ. ಬಾಗಮತಿ ನದಿಯಾಚೆಯ ಪಾಟನ್‌ಗೂ ಪೂರ್ವಕ್ಕಿರುವ ಭಕ್ತಪುರಕ್ಕೂ ಹೋಗಿ ನೋಡಿದೆ. ಚೌಕಾಸಿ ಮಾಡಿದ ಮೇಲೆ ಬೆಲೆಯಲ್ಲಿ ನಾನಂದುಕೊಂಡಷ್ಟು ವ್ಯತ್ಯಾಸವೇನೂ ಇರಲಿಲ್ಲ. ಕೇಳಿದ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಮಾತ್ರ ತುಂಬಾ ವ್ಯತ್ಯಾಸ ಇತ್ತು.

ಮೊದಲು ದುಡ್ಡಿನ ವಿಷಯ ಹೇಳಿಬಿಡ್ತೀನಿ. ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ. ಇದು ದಿನಾ ಏರಿಳಿಯುವ ದರ ಅಲ್ಲ, ನಿಗದಿಯಾದದ್ದು. ನಮ್ಮ ಮುಖ ನೋಡಿದ ತಕ್ಷಣ ಅಂಗಡಿಯವರು ಹಿಂದಿಯಲ್ಲಿ ಮಾತು ಶುರು ಮಾಡುತ್ತಾರೆ. ಆಗ ಅವರು ಹೇಳುವ ಬೆಲೆ ಎನ್‌ಸಿಯೋ ಐಸಿಯೋ, ಅಂದರೆ ಅವರ ರೂಪಾಯಿಯೋ ನಮ್ಮದೋ, ಅಲ್ಲೇ ಕೇಳಿಕೊಳ್ಳಬೇಕು. ಕೊನೆಯಲ್ಲಿ ಕೇಳಿದರೆ ಜಗಳ. ಚೌಕಾಸಿಗೆ ನಾಲ್ಕು ಮಾತು ನೇಪಾಳಿ ಬಂದರೆ ಸಾಕು. ‘ಸಾಹುಜಿ, ಅಲಿ ಮಿಲಾಎರ ದಿನುಸ್ ನ’ ಅಂದರೆ ಸ್ವಲ್ಪ ನೋಡಿ ಹಾಕಿಕೊಡಿ ಅಂತ. ಅಂಗಡಿಯಾಕೆಯಾದರೆ ಸಾಹುನಿ. ಕೂತು ಕೆಲಸ ಮಾಡುವವರಿಗೆ ದಾಜು (ಅಣ್ಣ), ದಿದಿ (ಅಕ್ಕ) ಅಂದರೆ ಮುಖ ಅರಳುತ್ತದೆ. ಬೆಳಿಗ್ಗೆ ಬೋಣಿ ಹೊತ್ತಿಗೆ ಹೋದರೆ ಬೆಲೆ ಬೇಗ ಇಳಿಯುತ್ತದೆ. ಆ ನಂಬಿಕೆ ಅಲ್ಲೂ ಇದೆ.

ಥಮೆಲ್ ಯಾವುದಕ್ಕೆ ಸರಿ? ಹಂಚೋದಕ್ಕೆ. ಉಣ್ಣೆ ಫೆಲ್ಟ್‌ನ ಚಪ್ಪಲಿ, ಕೀ ಗೊಂಚಲಿನ ಪುಟ್ಟ ಆನೆ, ಪ್ರಾರ್ಥನಾ ಪತಾಕೆ, ಲೋಕ್ತಾ ಎಂಬ ಪೊದೆಯ ತೊಗಟೆಯಿಂದ ಮಾಡಿದ ಕಾಗದದ ಡೈರಿ. ಆಫೀಸಿನವರಿಗೂ ನೆಂಟರ ಮಕ್ಕಳಿಗೂ ಒಂದೇ ಸಂಜೆಯಲ್ಲಿ ಮುಗಿಸಬಹುದು. ಹತ್ತು ತೆಗೆದುಕೊಂಡರೆ ಮೊದಲು ಹೇಳಿದ ಬೆಲೆಯ ಅರ್ಧದ ಹತ್ತಿರಕ್ಕೆ ಬರುತ್ತಾರೆ. ಇದಕ್ಕೆಲ್ಲ ಬೇರೆ ಊರು ಸುತ್ತೋದು ದಂಡ.

ಶಾಲಿನ ವಿಷಯದಲ್ಲಿ ಮಾತ್ರ ಥಮೆಲ್ ನನಗೆ ಒಗ್ಗಲಿಲ್ಲ. ಬೀದಿಯುದ್ದಕ್ಕೂ ‘ಯಾಕ್ ಉಣ್ಣೆ’ ಎಂದು ನೇತುಹಾಕಿದ ಬಣ್ಣಬಣ್ಣದ ಶಾಲುಗಳಿವೆ. ಮುಟ್ಟಿದರೆ ಬೆಣ್ಣೆ, ಬೆಲೆಯೂ ಕಡಿಮೆ. ಅದರಲ್ಲಿ ಬಹುಪಾಲು ಅಕ್ರಿಲಿಕ್. ಯಾಕ್‌ನ ನಿಜವಾದ ಉಣ್ಣೆ ಆ ಬೆಲೆಗೆ ಬರೋಕೆ ಸಾಧ್ಯವೇ ಇಲ್ಲ. ಚಳಿಗೆ ಹೊದೆಯೋಕೆ ಚೆನ್ನಾಗಿದೆ, ಅಕ್ರಿಲಿಕ್ ಅಂತ ಗೊತ್ತಿದ್ದೇ ಕೊಂಡರೆ ಯಾವ ತೊಂದರೆಯೂ ಇಲ್ಲ. ಪಶ್ಮಿನಾ ಬೇರೆ. ಅದು ಹಿಮಾಲಯದ ಎತ್ತರದಲ್ಲಿ ಸಾಕುವ ಚ್ಯಾಂಗ್ರಾ ಮೇಕೆಯ ಒಳಗೂದಲು. ನೇಪಾಳದಲ್ಲಿ ಅದನ್ನು ರೇಷ್ಮೆ ಸೇರಿಸಿ ನೇಯುವುದೂ ಮಾಮೂಲಿ. 70 ಪಾಲು ಪಶ್ಮಿನಾ, 30 ಪಾಲು ರೇಷ್ಮೆ ಅಂದರೆ ಮೋಸ ಅಲ್ಲ, ಅದು ಒಂದು ಬಗೆ. ಶಾಲನ್ನು ಉಂಗುರದೊಳಗೆ ತೂರಿಸಿ ತೋರಿಸುವ ಆಟಕ್ಕೆ ಮರುಳಾಗಬೇಡಿ. ತೆಳ್ಳಗಿನ ವಿಸ್ಕೋಸ್ ಬಟ್ಟೆಯೂ ಹಾಗೇ ತೂರುತ್ತದೆ. ಅಂಚಿನ ಒಂದು ಎಳೆ ಸುಟ್ಟು ತೋರಿಸಿ ಅಂತ ಕೇಳಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಪ್ರಾಣಿಯ ನೂಲು. ಕರಗಿ ಗಟ್ಟಿ ಗುಂಡಾದರೆ ಪ್ಲಾಸ್ಟಿಕ್ ಜಾತಿ. ಥಮೆಲ್‌ನಲ್ಲಿ ನಾನು ಹೀಗೆ ಕೇಳಿದಾಗ ಒಬ್ಬರು ಶಾಲು ಮಡಚಿಟ್ಟು ಬೇರೆ ಗಿರಾಕಿಯ ಕಡೆ ತಿರುಗಿದರು. ಅದೂ ಒಂದು ಉತ್ತರವೇ.

ಶಾಲಿಗೆ ನಾನು ಹೇಳುವುದು ಕುಪಂಡೋಲ್. ಕಾಠ್ಮಂಡುವಿನಿಂದ ಪಾಟನ್‌ಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಧುಕುಟಿ, ಮಹಾಗುಠಿ, ಸಾನಾ ಹಸ್ತಕಲಾ ಮುಂತಾದ ಫೇರ್ ಟ್ರೇಡ್ ಮಳಿಗೆಗಳು, ಅಂದರೆ ತಯಾರಿಸಿದವರಿಗೆ ನ್ಯಾಯವಾದ ದುಡ್ಡು ಸೇರುವ ಅಂಗಡಿಗಳು, ಅಲ್ಲಿವೆ. ಬೆಲೆ ಚೀಟಿಯಲ್ಲೇ ಇರುತ್ತದೆ, ಚೌಕಾಸಿ ಇಲ್ಲ. ಬೆನ್ನು ಹತ್ತುವವರಿಲ್ಲ. ಚೌಕಾಸಿ ಬಾರದ ನನ್ನಂಥವರಿಗೆ ಸ್ವರ್ಗ. ಜನಕಪುರದ ಕಡೆಯ ಮಿಥಿಲಾ ಚಿತ್ರಗಳಿರುವ ಸಾಮಾನು, ಢಾಕಾ ಎಂಬ ನೇಪಾಳಿ ಕೈಮಗ್ಗದ ಬಟ್ಟೆ ಎಲ್ಲ ಒಂದೇ ಕಡೆ ನೋಡಬಹುದು. ಥಮೆಲ್‌ನಲ್ಲಿ ಜಗ್ಗಾಡಿ ಇಳಿಸಿದ ಬೆಲೆಗಿಂತ ಸ್ವಲ್ಪ ಜಾಸ್ತಿ ಕೊಡಬೇಕಾಗಬಹುದು. ಆ ಜಗ್ಗಾಟಕ್ಕೆ ಹೋಗುವ ಒಂದು ಸಂಜೆಗೂ ಬೆಲೆ ಇದೆ, ಅಲ್ವಾ?

ಇನ್ನು ಲೋಹ. ಇದರಲ್ಲಿ ಪಾಟನ್‌ಗೆ ಸಾಟಿ ಇಲ್ಲ. 1260ರಲ್ಲಿ ಅರಣಿಕೋ ಎಂಬ ನೇವಾರ (ಈ ಕಣಿವೆಯ ಮೂಲನಿವಾಸಿ ಸಮುದಾಯ) ಕುಶಲಕರ್ಮಿ ಜೊತೆಗಾರರನ್ನು ಕಟ್ಟಿಕೊಂಡು ಟಿಬೆಟ್‌ಗೆ ಹೋದ. ಮುಂದೆ ಮಂಗೋಲ್ ದೊರೆ ಕುಬ್ಲೈ ಖಾನನ ಆಸ್ಥಾನ ಸೇರಿ ಬೀಜಿಂಗಿನ ಬಿಳಿ ಸ್ತೂಪ ಕಟ್ಟಿಸಿದ. ಈ ಕಣಿವೆಯ ಕೈಕೆಲಸದ ಹೆಸರು ಅಷ್ಟು ಹಳೆಯದು. ಇವತ್ತಿಗೂ ಮಹಾಬೌದ್ಧ ಮತ್ತು ಓಕುಬಹಾಲ್ ಸುತ್ತಿನ ಗಲ್ಲಿಗಳಲ್ಲಿ ಮೂರ್ತಿ ಕೆಲಸ ನಡೆಯುತ್ತಲೇ ಇದೆ. ಸುತ್ತಿಗೆಯ ಟಕಟಕ ಕೇಳಿಕೊಂಡೇ ಅಂಗಡಿ ಹುಡುಕಬಹುದು. ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ. ಅದಕ್ಕೆ ಮಣ್ಣು, ಸಗಣಿ, ಭತ್ತದ ಹೊಟ್ಟು ಕಲಸಿ ಪದರ ಪದರವಾಗಿ ಮೆತ್ತಿ ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಹರಿದುಹೋಗುತ್ತದೆ, ಆ ಜಾಗಕ್ಕೆ ಕರಗಿದ ತಾಮ್ರ ಸುರಿಯುತ್ತಾರೆ. ಮೂರ್ತಿ ಹೊರಗೆ ಬರಬೇಕಾದರೆ ಅಚ್ಚು ಒಡೆಯಲೇಬೇಕು. ಆಮೇಲೆ ಉಳಿಯಿಂದ ಒಡವೆ, ಬಟ್ಟೆಯ ಅಂಚು, ರೆಪ್ಪೆ ಎಲ್ಲ ತಿದ್ದುತ್ತಾರೆ. ಸಮಯ ತಿನ್ನುವುದು ಈ ತಿದ್ದುವ ಕೆಲಸವೇ. ಬೆಲೆ ಏರುವುದೂ ಅದರಿಂದಲೇ. ಒಂದೇ ಎತ್ತರದ ಎರಡು ತಾರಾ (ಬೌದ್ಧ ದೇವತೆ) ಮೂರ್ತಿಗಳಿಗೆ ಯಾಕೆ ಅಷ್ಟು ಅಂತರ ಅಂತ ಕೇಳಿದೆ. ಆ ದಾಜು ಎರಡರ ಬೆರಳುಗಳನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ಒಂದರಲ್ಲಿ ಉಗುರು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಥಮೆಲ್‌ನಲ್ಲಿ ಇದೇ ಪ್ರಶ್ನೆಗೆ ಬಂದ ಉತ್ತರ, ‘ಇದು ಬೆಸ್ಟ್ ಕ್ವಾಲಿಟಿ, ಸರ್.’

ಕೊಳ್ಳುವ ಮುಂಚೆ ಪಾಟನ್ ಮ್ಯೂಸಿಯಂ ನೋಡಿಬಿಡಿ. ದರ್ಬಾರ್ ಚೌಕದಲ್ಲೇ ಇದೆ. ಎರಕದ ಕೆಲಸವನ್ನು ಹಂತಹಂತವಾಗಿ ಜೋಡಿಸಿಟ್ಟಿದ್ದಾರೆ. ಅದನ್ನು ನೋಡಿದ ಮೇಲೆ ಅಂಗಡಿಯಲ್ಲಿ ಕಣ್ಣು ತಾನೇ ಚುರುಕಾಗುತ್ತದೆ. ದುಡ್ಡು ಕಡಿಮೆ ಇದ್ದರೆ ದೊಡ್ಡ ಒರಟು ಮೂರ್ತಿ ಬಿಟ್ಟು ಅಂಗೈಯಗಲದ ಒಳ್ಳೆಯದನ್ನು ಆರಿಸಿ.

ಸಿಂಗಿಂಗ್ ಬೌಲ್ ಥಮೆಲ್‌ನಲ್ಲೂ ಪಾಟನ್‌ನಲ್ಲೂ ಧಾರಾಳ. ಏಳು ಲೋಹ, ಹುಣ್ಣಿಮೆ ರಾತ್ರಿ ಬಡಿದದ್ದು ಎಂಬ ಕತೆಗಳೂ ಅಷ್ಟೇ ಧಾರಾಳ. ಕೈಯಲ್ಲಿ ಬಡಿದ ಬೌಲ್ ಮುಖ್ಯವಾಗಿ ತಾಮ್ರ ಮತ್ತು ತವರ ಸೇರಿದ ಕಂಚು. ಮೈಮೇಲೆ ಸುತ್ತಿಗೆಯ ಗುರುತು ಏರುಪೇರಾಗಿರುತ್ತದೆ. ಫಳಫಳ ಹೊಳೆಯುವ, ಮಂತ್ರ ಕೆತ್ತಿದ, ಎಲ್ಲವೂ ಒಂದೇ ಥರ ಇರುವ ಬೌಲ್‌ಗಳು ಸಾಮಾನ್ಯವಾಗಿ ಯಂತ್ರದವು. ಹುಣ್ಣಿಮೆಯ ಕತೆಗೆ ಜಾಸ್ತಿ ದುಡ್ಡು ಕೊಡುವ ಬದಲು ಅಂಗೈಮೇಲಿಟ್ಟು ಮೆತ್ತಗೆ ಹೊಡೆದು ಸುಮ್ನೆ ಕಾಯಿರಿ. ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಮಧ್ಯೆ ಗೊರಗೊರ ಅನ್ನುತ್ತದೆಯೇ ನೋಡಿ. ಥಮೆಲ್‌ನ ಗದ್ದಲದಲ್ಲಿ ನನಗೆ ಇದೇ ಕಷ್ಟವಾಯಿತು, ಹೊರಗಿನ ಹಾರ್ನ್‌ನಲ್ಲಿ ನಾದ ಮುಳುಗಿಹೋಗುತ್ತಿತ್ತು. ಪಾಟನ್‌ನ ಒಳಗಲ್ಲಿಯಲ್ಲಿ ಆ ತೊಂದರೆ ಇಲ್ಲ. ಪಾತ್ರೆ ತೂಗುವ ಹಾಗೆ ತೂಗಿಯೇ ಬೆಲೆ ಹೇಳಿದರು, ಲೆಕ್ಕ ಸಲೀಸು.

ಭಕ್ತಪುರ ಮರದ ಊರು. ದತ್ತಾತ್ರೇಯ ಚೌಕದ ಪೂಜಾರಿ ಮಠದ ಪಕ್ಕದ ಸಂದಿಯಲ್ಲಿ ಪ್ರಸಿದ್ಧ ನವಿಲಿನ ಕಿಟಕಿ ಇದೆ. ಅದರ ಪುಟಾಣಿ ನಕಲು ಇಲ್ಲದ ಅಂಗಡಿ ಆ ಓಣಿಯಲ್ಲಿಲ್ಲ. ಅಸಲಿ ಕಿಟಕಿ ಎದುರಿಗೇ ಇರುವುದರಿಂದ ಹೋಲಿಸಿ ನೋಡುವುದು ಸುಲಭ. ಗರಿಗಳ ಮಧ್ಯದ ತೂತುಗಳು ಚೊಕ್ಕವಾಗಿವೆಯೇ, ಹಿಂಭಾಗ ಉಜ್ಜಿದ್ದಾರೆಯೇ ನೋಡಿ. ಇಂಥದ್ದೇ ನವಿಲು ಥಮೆಲ್‌ನಲ್ಲೂ ಸಿಕ್ಕಿತು, ಆದರೆ ತೂತುಗಳಲ್ಲಿ ಮರದ ಸಿಬಿರು ಹಾಗೇ ಇತ್ತು. 2015ರ ಏಪ್ರಿಲ್‌ನ ಭೂಕಂಪದಲ್ಲಿ ಈ ಊರಿಗೆ ಬಿದ್ದ ಪೆಟ್ಟು ದೊಡ್ಡದು. ಬಿದ್ದ ಗುಡಿಗಳನ್ನು ಮತ್ತೆ ಎಬ್ಬಿಸುವಾಗ ಬಡಗಿಗಳ ಕೈಗೆ ತುಂಬಾ ಕೆಲಸ ಬಂತು. ಕುಂಬಾರರ ಚೌಕವೂ ಇದೆ, ಮಡಕೆಗಳನ್ನು ಬಿಸಿಲಿಗೆ ಸಾಲಾಗಿ ಹರಡಿರುತ್ತಾರೆ. ನೋಡೋಕೆ ಚೆಂದ, ವಿಮಾನದಲ್ಲಿ ತರೋಕೆ ಮಾತ್ರ ಅಲ್ಲ. ಊರಿನ ಹಳೇ ಭಾಗಕ್ಕೆ ಹೋಗಲು ವಿದೇಶಿಯರು ಟಿಕೆಟ್ ಕೊಳ್ಳಬೇಕು. ಸಾರ್ಕ್ ದೇಶದವರಿಗೆ ದರ ಕಡಿಮೆ, ಗುರುತಿನ ಚೀಟಿ ಇಟ್ಟುಕೊಂಡು ಹೋಗಿ.

ಥಂಕಾ ವಿಷಯದಲ್ಲಿ ನನ್ನ ಮತ ಭಕ್ತಪುರಕ್ಕೆ, ಕೂದಲೆಳೆಯ ಅಂತರದಲ್ಲಿ. ‘ವಿದ್ಯಾರ್ಥಿಯದು, ಗುರುಗಳದು’ ಎಂದು ದರ್ಜೆ ಮಾಡಿ ಬೆಲೆ ಹೇಳುವುದು ಎಲ್ಲ ಕಡೆಯೂ ಇದೆ, ಭಕ್ತಪುರದಲ್ಲೂ ಇದೆ. ಅಲ್ಲಿ ಬರೆಯುವವರು ಕೂತಿರುವುದು ಕಾಣುತ್ತದೆ, ಅಷ್ಟೇ. ಮುಖ ಮತ್ತು ಕಣ್ಣು ನೋಡಿ, ಗಡಿಬಿಡಿ ಅಲ್ಲೇ ಬಯಲಾಗುವುದು. ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಗೆರೆಗಳು ಒಂದೂ ಬಿಡದೆ ಹೊಂದಿದರೆ ಗೆರೆ ಅಚ್ಚು ಹಾಕಿ ಬಣ್ಣ ತುಂಬಿದ್ದು. ಬಟ್ಟೆಯ ಚೌಕಟ್ಟು ಇಲ್ಲದ್ದನ್ನು ಕೊಂಡರೆ ಸುರುಳಿ ಸುತ್ತಿ ಕೊಳವೆಯಲ್ಲಿ ಹಾಕಿಕೊಡುತ್ತಾರೆ.

ಅಸನ್ ಮತ್ತು ಇಂದ್ರಚೋಕ್ ಪ್ರವಾಸಿಗರ ಪೇಟೆಗಳಲ್ಲ. ಅದಕ್ಕೇ ನನಗೆ ಇಷ್ಟ. ಥಂಕಾ, ಮೂರ್ತಿ ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಹಿತ್ತಾಳೆ ದೀಪ, ತಾಮ್ರದ ಗಿಂಡಿ, ಢಾಕಾ ಟೋಪಿಗೆ ಬನ್ನಿ. ಇಂದ್ರಚೋಕ್‌ನ ಪೋತೆ ಬಜಾರ್‌ನಲ್ಲಿ ಗಾಜಿನ ಮಣಿಸರಗಳ ಪುಟ್ಟ ಪುಟ್ಟ ಅಂಗಡಿಗಳು ಒತ್ತೊತ್ತಾಗಿವೆ. ಬಣ್ಣ ಆರಿಸಿದರೆ ಎದುರಿಗೇ ಪೋಣಿಸಿ ಕೊಡುತ್ತಾರೆ. ಕೈಚೀಲದ ಮೂಲೆಯಲ್ಲಿ ಹಿಡಿಸುವ ಇಷ್ಟು ಒಳ್ಳೆಯ ಉಡುಗೊರೆ ಥಮೆಲ್‌ನಲ್ಲಿ ನನಗೆ ಕಾಣಲಿಲ್ಲ. ರತ್ನಗಂಬಳಿ ಬೇಕಾದವರು ಪಾಟನ್ ಕಡೆಯ ಜಾವಲಾಖೇಲ್‌ನ ಟಿಬೆಟನ್ ಕೇಂದ್ರಕ್ಕೆ ಹೋಗಬಹುದು. ಅದರ ತೂಕಕ್ಕೆ ಹೆದರಿ ನಾನು ನೋಡಿಯಷ್ಟೇ ಬಂದೆ.

ಶನಿವಾರ ನೇಪಾಳದಲ್ಲಿ ವಾರದ ರಜೆ, ಆ ದಿನ ಪಾಟನ್‌ನ ಕೆಲಸದ ಮನೆಗಳನ್ನು ನಂಬಿ ಹೋಗಬೇಡಿ. ಭಕ್ತಪುರ, ಪಾಟನ್ ಮೊದಲು ಮುಗಿಸಿ, ಹಂಚುವ ಸಾಮಾನಿಗೆ ಥಮೆಲ್ ಕೊನೆಯ ಸಂಜೆಗಿರಲಿ. ನೂರು ವರ್ಷಕ್ಕಿಂತ ಹಳೆಯ ವಸ್ತುಗಳನ್ನು ದೇಶದಿಂದ ಆಚೆ ಒಯ್ಯುವುದಕ್ಕೆ ನಿಷೇಧ ಇದೆ. ಹೊಸದೇ ಆದರೂ ಹಳೆಯದರಂತೆ ಕಾಣುವ ಮೂರ್ತಿಗೆ, ಥಂಕಾಕ್ಕೆ ಪುರಾತತ್ವ ಇಲಾಖೆಯ ಪತ್ರ ಮಾಡಿಸಿಕೊಡಿ ಅಂತ ಅಂಗಡಿಯವರನ್ನೇ ಕೇಳಿ, ದುಡ್ಡು ಕೊಡುವ ಮುಂಚೆ. ಖುಕುರಿ (ಗೂರ್ಖಾಗಳ ಬಾಗಿದ ಕತ್ತಿ) ಕೊಂಡಿದ್ದರೆ ಅದು ಚೆಕ್‌ಇನ್ ಬ್ಯಾಗಿಗೆ. ಸಿಂಗಿಂಗ್ ಬೌಲ್ ಶಾಲಿನೊಳಗೆ ಸುತ್ತಿದರೆ ಎರಡಕ್ಕೂ ಜಾಗ ಆಗುತ್ತದೆ.