ಪಾದಯಾತ್ರೆಯ ಟ್ರೇಲರಿಗೆ ಹೊಸ ಬ್ಯಾಟರಿ: ಟ್ಯೂಬ್ಯುಲರ್, ಸೀಲ್ಡ್, ಲಿಥಿಯಂ

ಯುಗಾದಿಗೆ ಮುನ್ನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವ ನಮ್ಮ ಓಣಿಯವರ ಹಿಂದೆ ಸಾಗುವ ಟ್ರೇಲರಿಗೆ ಲಿಥಿಯಂ ಬ್ಯಾಟರಿಯೇ ತಕ್ಕದ್ದು ಎಂಬುದು ಮೂರು ಬಗೆಯವನ್ನೂ ಬಳಸಿದ ಮೇಲೆ ನಾನು ತಳೆದ ಅಭಿಪ್ರಾಯ. ಆದರೆ ಅದನ್ನು ಟ್ರ್ಯಾಕ್ಟರಿನಿಂದ ಚಾರ್ಜ್ ಮಾಡುವ ಏರ್ಪಾಟಿಗೆಂದು ಬೇರೆ ಹಣ ತೆಗೆದಿರಿಸದವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ಜಮಖಂಡಿ ತಾಲ್ಲೂಕಿನ ನಮ್ಮೂರಿನಿಂದ ಹೊರಡುವ ಈ ಟ್ರೇಲರಿನಲ್ಲಿ ರೊಟ್ಟಿ, ಹಿಟ್ಟು, ನೀರಿನ ಟಾಕಿ, ಹಾಸಿಗೆಗಳ ಜೊತೆಗೆ ಎಲ್‌ಇಡಿ ದೀಪಗಳು, 12 ವೋಲ್ಟಿನ ಫ್ಯಾನುಗಳು ಮತ್ತು ಭಜನೆಯ ಮೈಕು ಇವೆ. ಇವೆಲ್ಲ ಸೇರಿ ಸುಮಾರು 100 ವ್ಯಾಟ್ ಬೇಡುತ್ತವೆ. ರಾತ್ರಿ ಎಂಟು ತಾಸು ನಡೆದರೆ 800 ವ್ಯಾಟ್-ಅವರ್ ಖರ್ಚಾಗುತ್ತದೆ. ಈ ಲೆಕ್ಕಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಇದು ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲವೆಲ್ಲ ಶೆಡ್ಡಿನಲ್ಲಿ ನಿಲ್ಲುವ ಗಾಡಿ. ಆದ್ದರಿಂದ ದುಡಿಯುವಾಗ ಬ್ಯಾಟರಿ ಎಷ್ಟು ಕೊಡುತ್ತದೆ ಎಂಬುದರಷ್ಟೇ, ಸುಮ್ಮನೆ ನಿಂತಾಗ ಹೇಗೆ ಉಳಿಯುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.

ಮೊದಲಿನಿಂದ ಇದ್ದದ್ದು ಮನೆಯ ಇನ್ವರ್ಟರಿಗೆ ಹಾಕುವಂಥ, ಸೀಸ ಮತ್ತು ಆಸಿಡ್ಡಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್. 12 ವೋಲ್ಟಿನಿಂದ ಗುಣಿಸಿದರೆ ಅದರಲ್ಲಿ 1800 ವ್ಯಾಟ್-ಅವರ್ ತುಂಬುತ್ತದೆಯಾದರೂ ಬಾಳಿಕೆ ಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು, ಅಂದರೆ 900. ನಮಗೆ ಅಷ್ಟು ಸಾಕಿತ್ತು. ಆದರೆ 50 ಕಿಲೋಗೂ ಮೀರಿದ ಆ ಎತ್ತರದ ಬ್ಯಾಟರಿ ಒಂದೆಡೆ ಅಲುಗಾಡದೆ ನಿಲ್ಲುವುದಕ್ಕೆಂದೇ ಮಾಡಿದ್ದು. ಕಚ್ಚಾ ರಸ್ತೆಯಲ್ಲಿ ಟ್ರೇಲರು ಕುಲುಕಿದಂತೆಲ್ಲ ಮುಚ್ಚಳಗಳ ಸುತ್ತ ಆಸಿಡ್ ಒಸರಿ, ಅದರ ಕೆಳಗಿನ ಕಬ್ಬಿಣದ ತಗಡು ತೂತು ಬಿದ್ದಿತು. ಅದಕ್ಕಿಂತ ಕೆಟ್ಟದ್ದು ಶೆಡ್ಡಿನ ವಾಸ. ಸೀಸದ ಬ್ಯಾಟರಿ ಚಾರ್ಜ್ ಇಳಿದ ಸ್ಥಿತಿಯಲ್ಲಿ ಬಹಳ ದಿನ ನಿಂತರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಹಾಕಿದರೆ ಇದನ್ನು ತಡೆಯಬಹುದು. ಪಟ್ಟಿ ಎತ್ತಿ ಕೊಂಡ ವಸ್ತುವಿಗೆ ತಿಂಗಳು ತಿಂಗಳು ನೀರು ಹಾಕುವವರು ಯಾರೆಂಬ ಪ್ರಶ್ನೆಗೆ ನಮ್ಮ ಓಣಿಯಲ್ಲಿ ಉತ್ತರ ಸಿಗಲಿಲ್ಲ.

ನೀರು ಹಾಕುವ ಕೆಲಸವಿಲ್ಲದ ಸೀಲ್ಡ್ ಬ್ಯಾಟರಿಯನ್ನು ಅದರ ನಂತರ ಹಾಕಿ ನೋಡಿದೆವು. ಆಸಿಡ್ ಒಸರಲಿಲ್ಲ, ಅಷ್ಟೇ ಅದರ ಹೆಚ್ಚುಗಾರಿಕೆ. ನಿಂತಲ್ಲೇ ಕೆಡುವ ರೋಗ ಇದಕ್ಕೂ ಉಂಟು. ಸೀಸದ ಬ್ಯಾಟರಿಯ ಸುತ್ತಲಿನ ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕವಿದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಒಳಗೆ ಆರಿದ ನೀರನ್ನು ಮರಳಿ ತುಂಬುವ ದಾರಿಯೂ ಇದರಲ್ಲಿಲ್ಲ.

ಈಗಿರುವುದು 12.8 ವೋಲ್ಟಿನ, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್. ಒಟ್ಟು 1280 ವ್ಯಾಟ್-ಅವರಿನಲ್ಲಿ ನೂರಕ್ಕೆ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಿದರೂ ಸಾವಿರ ದಾಟುವುದರಿಂದ, ಹೆಸರಿಗೆ ಚಿಕ್ಕದಾದರೂ ಹಳೆಯ 150ಕ್ಕಿಂತ ಇದೇ ಹೆಚ್ಚು ಕೊಡುತ್ತದೆ. ತೂಕ ಸುಮಾರು 12 ಕಿಲೋ. ಯಾತ್ರೆ ಮುಗಿದ ಮೇಲೆ ಅರ್ಧ ಚಾರ್ಜಿನಲ್ಲಿ ವೈರು ಬಿಚ್ಚಿ ಮನೆಯೊಳಗೆ ತಂದಿಟ್ಟರೆ ತಿಂಗಳಿಗೆ ನೂರಕ್ಕೆ ಎರಡು-ಮೂರರಷ್ಟು ಮಾತ್ರ ಇಳಿಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದಂತೆ. ಬಾಗಲಕೋಟೆ ಜಿಲ್ಲೆಯವರು ಅದಕ್ಕೆ ಹೆದರಬೇಕಾಗಿಲ್ಲ.

ತೊಡಕು ಬಂದದ್ದು ದಾರಿಯಲ್ಲಿ ಚಾರ್ಜ್ ಮಾಡುವುದರಲ್ಲಿ. ಟ್ರ್ಯಾಕ್ಟರಿನ ಡೈನಮೋದಿಂದ ಟ್ರೇಲರಿನ ಬ್ಯಾಟರಿಯವರೆಗೆ ಎಂಟು ಮೀಟರ್ ದೂರ, ಹೋಗಿ ಬರುವ ವೈರು ಸೇರಿ ಹದಿನಾರು ಮೀಟರ್. ಮೊದಲಿದ್ದ 2.5 ಚದರ ಮಿಲಿಮೀಟರಿನ ವೈರಿನಲ್ಲಿ 20 ಆಂಪಿಯರ್ ಹರಿಸಬೇಕೆಂದರೆ ವೈರಿನಲ್ಲೇ ಎರಡು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಡೈನಮೋ ಕೊಡುವುದು 14 ವೋಲ್ಟಿನ ಆಸುಪಾಸು, ಬ್ಯಾಟರಿ ತಾನೇ 13ರ ಮೇಲೆ ನಿಂತಿರುತ್ತದೆ. ಹಾಗಾಗಿ ಒಳಕ್ಕೆ ಹೋಗುತ್ತಿದ್ದದ್ದು ಏಳೆಂಟು ಆಂಪಿಯರ್ ಮಾತ್ರ. ಬೆಳಗಿನ ಜಾವ ಮತ್ತು ಸಂಜೆ ಸೇರಿ ಐದು ತಾಸು ಗಾಡಿ ನಡೆದರೂ ತುಂಬುವುದು 40 ಆಂಪಿಯರ್-ಅವರ್, ರಾತ್ರಿ ಖರ್ಚಾಗುವುದು 60ರ ಮೇಲೆ. ಹುನಗುಂದ ದಾಟಿ ಲಿಂಗಸುಗೂರಿನ ಕಡೆ ಹೊರಳುವ ಹೊತ್ತಿಗೆ ಮೈಕು ಭಜನೆಯ ನಡುವೆಯೇ ಗಪ್ಪಾಗತೊಡಗಿತು.

ದಪ್ಪ ಕೇಬಲ್ ಎಳೆದರೆ ಸಾಕೆಂದು ಗ್ಯಾರೇಜಿನ ಮಿಸ್ತ್ರಿ ಹೇಳಿದರು. 16 ಚದರ ಮಿಲಿಮೀಟರಿನದನ್ನು ಎಳೆದಾಗ ಬ್ಯಾಟರಿ ತುಂಬತೊಡಗಿತೇನೋ ನಿಜ, ಆದರೆ ಡೈನಮೋ ಕೈ ಇಡಲಾಗದಷ್ಟು ಕಾಯತೊಡಗಿತು. ಟ್ಯೂಬ್ಯುಲರ್ ತುಂಬುತ್ತ ಬಂದಂತೆ ತಾನೇ ಕರೆಂಟು ಕಡಿಮೆ ಮಾಡಿಕೊಳ್ಳುತ್ತಿತ್ತು. ಲಿಥಿಯಂ ಬಹುಮಟ್ಟಿಗೆ ಕೊನೆಯವರೆಗೂ ಕೊಟ್ಟಷ್ಟನ್ನೂ ಎಳೆಯುತ್ತದೆ. ಇಲ್ಲಿ ನಮ್ಮ ಯಾತ್ರೆಯ ರೀತಿಯನ್ನೂ ಗಮನಿಸಬೇಕು: ನಡೆಯುವವರ ಹಿಂದೆ ಅವರದೇ ವೇಗದಲ್ಲಿ ಟ್ರ್ಯಾಕ್ಟರು ತೆವಳುವಾಗ ಎಂಜಿನ್ನು ನಿಧಾನವಾಗಿ ತಿರುಗುತ್ತದೆ, ಅದರೊಡನೆ ಡೈನಮೋದ ಪಂಖವೂ ನಿಧಾನವಾಗಿ ತಿರುಗುತ್ತದೆ, ಗಾಳಿ ಕಡಿಮೆಯಾದ ಹೊತ್ತಿನಲ್ಲೇ ಹೊರೆ ಹೆಚ್ಚಾಗುತ್ತದೆ. ಜೊತೆಗೆ, ಎಂಜಿನ್ನು ನಿಲ್ಲಿಸಿದ ಮೇಲೆ ನೇರ ಜೋಡಣೆಯಲ್ಲಿ ಟ್ರೇಲರಿನ ಫ್ಯಾನುಗಳು ಟ್ರ್ಯಾಕ್ಟರಿನ ಸ್ಟಾರ್ಟಿಂಗ್ ಬ್ಯಾಟರಿಯನ್ನೂ ಹೀರುತ್ತವೆ.

ಇದಕ್ಕೆ ಪರಿಹಾರ ಟ್ರೇಲರಿನ ಬ್ಯಾಟರಿಯ ಪಕ್ಕದಲ್ಲಿ ಕೂರಿಸುವ ಡಿಸಿ-ಡಿಸಿ ಚಾರ್ಜರು. ಬರುವ ವೋಲ್ಟೇಜು ಕಡಿಮೆಯಿದ್ದರೂ ಅದನ್ನು ಲಿಥಿಯಮ್ಮಿಗೆ ಬೇಕಾದ 14.4ಕ್ಕೆ ಏರಿಸುತ್ತದೆ, ನಿಗದಿಯಾದ ಕರೆಂಟಿಗಿಂತ ಹೆಚ್ಚು ಎಳೆಯಲು ಬಿಡುವುದಿಲ್ಲ, ಕೀಲಿಯ ವೈರಿಗೆ ಜೋಡಿಸಿದರೆ ಎಂಜಿನ್ನು ನಿಂತೊಡನೆ ಸಂಪರ್ಕ ಕಡಿಯುತ್ತದೆ. 40 ಆಂಪಿಯರಿನದು ಸಿಗುತ್ತಿದ್ದರೂ ಟ್ರ್ಯಾಕ್ಟರಿನ ಚಿಕ್ಕ ಡೈನಮೋವನ್ನು ನೋಡಿ 20ರದನ್ನೇ ತಂದೆವು. ಬ್ಯಾಟರಿ ಮಾರುವ ಅಂಗಡಿಯವರು ಈ ಡಬ್ಬಿಯ ಮಾತನ್ನು ಮೊದಲೇ ಎತ್ತಿದ್ದರೆ ಅಷ್ಟೊಂದು ದಪ್ಪದ ಕೇಬಲ್ಲಿಗಾಗಿ ತಾಮ್ರದ ಬೆಲೆ ತೆರುವುದು ತಪ್ಪುತ್ತಿತ್ತು. ಸೋಲಾರ್ ಪ್ಲೇಟು ಹಾಕಬಹುದಲ್ಲ ಎಂದು ಕೇಳಿದವರಿದ್ದಾರೆ. ತಾಡಪತ್ರಿಯ ಮೇಲೆ ಗಂಟುಮೂಟೆಗಳನ್ನು ಹೇರುವುದರಿಂದ ನಮಗೆ ಅದಕ್ಕೆ ಜಾಗವಿಲ್ಲ.

ಲಿಥಿಯಮ್ಮಿನ ವೋಲ್ಟೇಜು ಬಹುಕಾಲ ಒಂದೇ ಮಟ್ಟದಲ್ಲಿರುವುದರಿಂದ ಹಳೆಯ ವೋಲ್ಟ್‌ಮೀಟರು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಒಳಹೋದ, ಹೊರಬಂದ ಕರೆಂಟನ್ನು ಎಣಿಸುವ ಶಂಟ್ ಮೀಟರು ಬೇಕು.

ಚಾರ್ಜರು ಸೇರಿ ನಮಗೆ ತಗುಲಿದ್ದು ಟ್ಯೂಬ್ಯುಲರಿನ ಮೂರರಷ್ಟು. ಯಾತ್ರೆ ಹೋಗುವ ಮನೆಗಳೆಲ್ಲ ಹಂಚಿಕೊಂಡದ್ದರಿಂದ ಅದು ಭಾರವೆನಿಸಲಿಲ್ಲ. ಒಬ್ಬರೇ ಹಣ ಹಾಕುವವರು, ವರ್ಷವಿಡೀ ಬ್ಯಾಟರಿಯನ್ನು ಮನೆಯ ಇನ್ವರ್ಟರಿಗೂ ಬಳಸುವವರು, ತಿಂಗಳಿಗೊಮ್ಮೆ ನೀರು ನೋಡುವ ಶಿಸ್ತುಳ್ಳವರು ಟ್ಯೂಬ್ಯುಲರನ್ನೇ ಎತ್ತರ ಕಡಿಮೆಯಿರುವ ಮಾದರಿಯಲ್ಲಿ ಕೊಂಡು, ಪ್ಲಾಸ್ಟಿಕ್ ಟ್ರೇಯಲ್ಲಿ ಬಿಗಿದು ಕಟ್ಟಿ, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಹೋಗಲು ಗಾಳಿಗೆ ದಾರಿ ಬಿಟ್ಟರೆ ಸಾಕು. ಹಳೆಯದನ್ನು ಅಂಗಡಿಗೇ ಮರಳಿಸಬೇಕು. ಅದರ ಸೀಸಕ್ಕೆ ತೂಕದ ಮೇಲೆ ಹಣ ಕಳೆದುಕೊಡುತ್ತಾರೆ.