‘ಜಪಾನ್ ಪೀಸ್’ ಸಿಡಿ ಪ್ಲೇಯರ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಹಳೇ ಸಿಡಿ ಪ್ಲೇಯರ್‌ಗೆ ಈಗ ಮತ್ತೆ ಗಿರಾಕಿಗಳಿದ್ದಾರೆ. ಮನೆಯಲ್ಲಿ ಡಬ್ಬಿಗಟ್ಟಲೆ ಸಿಡಿ ಇದೆ, ಒಳ್ಳೆ ಆಂಪ್ಲಿಫೈಯರ್, ಸ್ಪೀಕರ್ ಇದೆ, ಸಿಡಿ ಹಾಕೋಕೆ ಮಾತ್ರ ಏನೂ ಇಲ್ಲ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಹೊಸದು ಅಂಗಡಿಯಲ್ಲಿ ಕಾಣಿಸೋದೇ ಅಪರೂಪ. ಕಂಡರೂ ಬೆಲೆ ಕೇಳಿ ಸುಮ್ನೆ ವಾಪಸ್ ಬರಬೇಕು. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಡೆ ತಿರುಗುತ್ತೇವೆ. ಅಲ್ಲಿ ಏನು ನಡೆಯುತ್ತಿದೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ. ಈ ಆಟ ಆಡುವವರು ಅವರೊಬ್ಬರೇ ಅಲ್ಲ.

ನನಗೆ ತೋರಿಸಿದ್ದು ತೊಂಬತ್ತರ ದಶಕದ ಒಂದು ಜಪಾನಿ ಪ್ಲೇಯರ್. “ಜಪಾನ್ ಪೀಸ್ ಸರ್, ಎತ್ತಿ ನೋಡಿ ಬೇಕಾದ್ರೆ” ಅಂದರು. ಎತ್ತಿದೆ. ಭಾರ ಇತ್ತು, ಸುಳ್ಳಲ್ಲ. ಅವರದೇ ಒಂದು ಸಿಡಿ, ಗೀರಿಲ್ಲದ ಕಂಪನಿ ಸಿಡಿ, ಹಾಕಿ ಮೊದಲ ಹಾಡನ್ನು ಅರ್ಧ ನಿಮಿಷ ಕೇಳಿಸಿದರು. ಉಳಿದ ಹೊತ್ತೆಲ್ಲ ಒಳಗಿರುವ ಡ್ಯಾಕ್ ಚಿಪ್ಪಿನ, ಅಂದರೆ ಸಿಡಿಯ ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಚಿಪ್ಪಿನ ಗುಣಗಾನ. ಬೆಲೆ 14,000 ರೂಪಾಯಿ. ವೋಲ್ಟೇಜ್ ಇಳಿಸಿಕೊಡುವ, ಇಟ್ಟಿಗೆ ಗಾತ್ರದ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಫ್ರೀ.

ಕೆಲವು ವಾರ ಚೆನ್ನಾಗಿಯೇ ಹಾಡಿತು. ಆಮೇಲೆ ಶುರುವಾಯಿತು ನೋಡಿ. ಹಾಕಿದ ಹೊಸದರಲ್ಲಿ ಎಲ್ಲ ಸರಿ. ಅರ್ಧ ಗಂಟೆ ಆಗುತ್ತಿದ್ದ ಹಾಗೆ ಹಾಡು ತಡವರಿಸುತ್ತೆ, ಎಗರುತ್ತೆ. ಸಿಡಿ ತೆಗೆದು ಮತ್ತೆ ಹಾಕಿದರೆ ಒಳಗಿಂದ ಚಿಕ್ ಚಿಕ್ ಸದ್ದು, ಮುಂದೆ ‘ನೋ ಡಿಸ್ಕ್’. ಆಫ್ ಮಾಡಿ ತಣ್ಣಗಾಗಲು ಬಿಟ್ಟರೆ ಮತ್ತೆ ಓದುತ್ತೆ. ಕೊನೆಗೆ ತಣ್ಣಗಿದ್ದರೂ ಓದುವುದನ್ನು ನಿಲ್ಲಿಸಿತು. ಅಪ್ಪನ ತಾಳಮದ್ದಳೆ ಸಿಡಿಗಳನ್ನಂತೂ ಅದು ಮೊದಲಿನಿಂದಲೂ ಓದಿರಲಿಲ್ಲ. ಊರಲ್ಲಿ ಯಾರೋ ಕಂಪ್ಯೂಟರಿನಲ್ಲಿ ರೈಟ್ ಮಾಡಿ ಕೊಟ್ಟವು ಅವು. ಅಂಗಡಿಗೆ ಫೋನ್ ಮಾಡಿದರೆ “ಲೋಕಲ್ ಸಿಡಿ ಹಾಕಬೇಡಿ ಸರ್, ಲೆನ್ಸ್ ಹೋಗುತ್ತೆ” ಅಂತ ನನಗೇ ಬುದ್ಧಿ ಹೇಳಿದರು.

ಲೆನ್ಸು ಸಿಡಿಯನ್ನು ಮುಟ್ಟುವುದೇ ಇಲ್ಲ, ಲೋಕಲ್ ಸಿಡಿಯಿಂದ ಅದು ಹೇಗೆ ಹೋಗುತ್ತೆ? ಲೇಸರ್ ಬೆಳಕು ಸಿಡಿಗೆ ಬಡಿದು ವಾಪಸ್ ಬರುತ್ತೆ, ಆ ಬೆಳಕಿನ ಏರಿಳಿತವನ್ನು ಪ್ಲೇಯರ್ ಓದುತ್ತೆ, ಅಷ್ಟೇ. ಮನೆಯಲ್ಲಿ ರೈಟ್ ಮಾಡಿದ ಸಿಡಿಯಿಂದ ಬೆಳಕು ಸ್ವಲ್ಪ ಕಡಿಮೆ ವಾಪಸ್ ಬರುತ್ತೆ. ಅಳಿಸಿ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯು ಸಿಡಿಯಿಂದ ಬರುವುದು ಇನ್ನೂ ಎಷ್ಟೋ ಕಡಿಮೆ, ಹಾಗಾಗಿ ಹಳೇ ಪ್ಲೇಯರ್ ಅದನ್ನು ಓದದಿದ್ದರೆ ತಪ್ಪಲ್ಲ. ಎಂಪಿ3 ತುಂಬಿದ ಸಿಡಿಯೂ ಹಾಗೆಯೇ, ಆ ಕಾಲದ ಪ್ಲೇಯರ್‌ಗೆ ಅದು ಅರ್ಥವಾಗುವುದಿಲ್ಲ. ಆದರೆ ಸಾಮಾನ್ಯ ಆಡಿಯೋ ಸಿಡಿಯಾಗಿ ರೈಟ್ ಮಾಡಿದ್ದನ್ನು ಆರೋಗ್ಯವಾಗಿರುವ ಪ್ಲೇಯರ್ ಸಾಮಾನ್ಯವಾಗಿ ಓದುತ್ತೆ. ಓದದೆ ಒದ್ದಾಡಿದರೆ ಮೊದಲ ಅನುಮಾನ ಲೇಸರ್ ಮೇಲೇ ಬರಬೇಕು.

ಟೇಪ್ ರೆಕಾರ್ಡರ್ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ ಒಬ್ಬ ಹಿರಿಯರ ಹತ್ತಿರ ತಗೊಂಡು ಹೋದೆ. ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಲೇಸರ್ ಮತ್ತು ಲೆನ್ಸ್ ಕೂತಿರುವ ಹೆಡ್ಡಿನ ಪಕ್ಕಕ್ಕೆ ಬೆರಳು ತೋರಿಸಿದರು. ಅಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡ ಒಂದು ಪ್ರೀಸೆಟ್ ಇದೆ, ಸಣ್ಣ ಸ್ಕ್ರೂಡ್ರೈವರಿನಲ್ಲಿ ತಿರುಗಿಸುವಂಥದ್ದು. ಸುತ್ತ ಎಲ್ಲ ವರ್ಷಗಟ್ಟಲೆ ಕೂತ ಧೂಳು. ಪ್ರೀಸೆಟ್ಟಿನ ಸೀಳು ಮಾತ್ರ ಹೊಸದಾಗಿ ಕೆರೆದು ಹೊಳೆಯುತ್ತಿತ್ತು. “ನೋಡಿ ಸಾರ್, ಇಲ್ಲಿ ಕೈಯಾಡಿಸಿದ್ದಾರೆ. ನಿಮಗೆ ಮಾರಬೇಕಾದಾಗ ಎರಡು ಸುತ್ತು ಏರಿಸಿದ್ದಾರೆ” ಅಂದರು. ಪ್ರೀಸೆಟ್ಟು ಪೂರ್ತಿ ಒಂದು ಸುತ್ತೂ ತಿರುಗುವುದಿಲ್ಲ, ಅದು ಅವರ ಮಾತಿನ ಧಾಟಿ. ಆದರೆ ವಿಷಯ ನಿಜ.

ಆ ಪ್ರೀಸೆಟ್ಟು ಲೇಸರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿರ್ಧರಿಸುತ್ತೆ. ಸಿಡಿ ಓದುವ ಲೇಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, 780 ನ್ಯಾನೋಮೀಟರ್. ವಯಸ್ಸಾದ ಹಾಗೆ ಅದರ ಬೆಳಕು ಕುಗ್ಗುತ್ತೆ. ಆಗ ಪ್ರೀಸೆಟ್ ತಿರುಗಿಸಿ ಜಾಸ್ತಿ ಕರೆಂಟ್ ಕೊಟ್ಟರೆ ಸತ್ತ ಪ್ಲೇಯರ್ ಎದ್ದು ಕೂತು ಹಾಡುತ್ತೆ. ಕೆಲವು ದಿನ ಅಥವಾ ಕೆಲವು ವಾರ, ಅಷ್ಟೇ. ಜಾಸ್ತಿ ಕರೆಂಟಿಗೆ ಜಾಸ್ತಿ ಬಿಸಿ, ಬಿಸಿಗೆ ಇನ್ನಷ್ಟು ಬೇಗ ಸವೆತ. ಅಂಗಡಿಯವರಿಗೆ ಬೇಕಾಗಿದ್ದು ನಾನು ಬಾಗಿಲು ದಾಟುವವರೆಗೆ ಹಾಡೋದು ಮಾತ್ರ, ಅಲ್ವಾ?

ಫ್ರೀ ಟ್ರಾನ್ಸ್‌ಫಾರ್ಮರ್ ಕಥೆ ಇನ್ನೂ ಚೆನ್ನಾಗಿದೆ. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟ್, ನಮ್ಮಲ್ಲಿ 230. ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಸ್ಟೆಪ್ ಡೌನ್ ಅಮೆರಿಕದ ಸಾಮಾನಿಗೆ ಅಂತ ಮಾಡಿದ್ದು, 110 ವೋಲ್ಟ್ ಕೊಡುತ್ತೆ. ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಲೈನ್ 245 ಮುಟ್ಟುತ್ತೆ. ಆಗ ಅದರಿಂದ ಹೊರಗೆ ಬರೋದು 117. ನೂರಕ್ಕೆ ಅಂತ ಮಾಡಿದ ಪ್ಲೇಯರ್‌ಗೆ ದಿನಾ ಇಷ್ಟು ಕೊಟ್ಟರೆ ಒಳಗೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್‌ಗಳು ಕಾದು ಬಿಸಿಯಾಗುತ್ತವೆ, ಪೆಟ್ಟಿಗೆಯೆಲ್ಲ ಬಿಸಿ. ಮೊದಲೇ ಕುಗ್ಗಿದ ಲೇಸರಿಗೆ ಬಿಸಿಯಲ್ಲಿ ಅದೇ ಬೆಳಕು ಕೊಡಲು ಇನ್ನೂ ಜಾಸ್ತಿ ಕರೆಂಟು ಬೇಕು. ಅರ್ಧ ಗಂಟೆಗೆ ತಡವರಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ ಅಂತ ರಿಪೇರಿಯವರು ಹೇಳಿದರು. ಇಷ್ಟು ಸಾಲದು ಅಂತ ಆ ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಬೇರೆ.

ಹೊಸ ಹೆಡ್ ಹಾಕಿಸಿಬಿಡೋಣ ಅಂದರೆ ಅಲ್ಲೂ ಸುಲಭ ಇಲ್ಲ. ಸೋನಿಯ ಕೆಎಸ್‌ಎಸ್ 213 ತರಹದ ಕೆಲವು ಹೆಡ್‌ಗಳು ಇವತ್ತಿಗೂ ಸಿಗುತ್ತವೆ, ಆದರೆ ಮಾರುಕಟ್ಟೆಯಲ್ಲಿ ನಕಲಿಯೇ ಜಾಸ್ತಿ. ನನ್ನದಕ್ಕೆ ಸಿಕ್ಕಿದ್ದೂ ನಕಲಿಯೇ. ಕಂಪನಿ ಸಿಡಿ ಓದುತ್ತೆ, ಗೀರಿದ್ದರೆ ಮುನಿಸಿಕೊಳ್ಳುತ್ತೆ. ಫಿಲಿಪ್ಸ್‌ನ ಸಿಡಿಎಂ 4 ಥರದ ಹಳೇ ಹೆಡ್‌ಗಳ ತಯಾರಿಕೆಯಂತೂ ಎಂದೋ ನಿಂತಿದೆ. ತಮಾಷೆ ಅಂದರೆ, ಮಾರುವವರು ಬಾಯಿ ತುಂಬ ಹೊಗಳುವ ಟಿಡಿಎ 1541 ಡ್ಯಾಕ್ ಚಿಪ್ಪಿನ ಎಷ್ಟೋ ಪ್ಲೇಯರ್‌ಗಳಲ್ಲಿ ಇರೋದು ಇಂಥ ಹೆಡ್ಡೇ. ಚಿಪ್ಪು ನೋಡಿ ದುಡ್ಡು ಕೊಡುತ್ತೀರಿ, ಹೆಡ್ ಹೋದರೆ ಚಿಪ್ಪು ಇಟ್ಟುಕೊಂಡು ಏನು ಮಾಡುತ್ತೀರಿ?

ಹಳೇದೇ ಬೇಕು ಅನ್ನುವವರು ನಿಮ್ಮ ಸಿಡಿಗಳನ್ನೇ ತಗೊಂಡು ಹೋಗಿ. ಒಂದು 70 ನಿಮಿಷಕ್ಕಿಂತ ಉದ್ದದ್ದು ಇರಲಿ, ಒಂದು ರೈಟ್ ಮಾಡಿದ್ದು ಇರಲಿ. ಹಾಕಿದ ತಕ್ಷಣ ಎಷ್ಟು ಹಾಡು, ಎಷ್ಟು ನಿಮಿಷ ಅಂತ ಬೇಗ ತೋರಿಸಬೇಕು. ಆಮೇಲೆ ನೇರವಾಗಿ ಉದ್ದದ ಸಿಡಿಯ ಕೊನೆಯ ಹಾಡಿಗೆ ಹೋಗಿ. ಸಿಡಿಯನ್ನು ಒಳಗಿನಿಂದ ಹೊರಗೆ ಓದೋದು, ಹಾಗಾಗಿ ಕೊನೆಯ ಹಾಡು ಅಂಚಿನಲ್ಲಿರುತ್ತೆ. ಹೆಡ್ ಜಾರುವ ಹಳಿಯ ಗ್ರೀಸ್ ಗಟ್ಟಿಯಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಮೊದಲ ಹಾಡಿನ ಅರ್ಧ ನಿಮಿಷದಲ್ಲಿ ಇದು ಯಾವುದೂ ಗೊತ್ತಾಗಲ್ಲ, ಅದಕ್ಕೇ ಅವರು ಅಷ್ಟನ್ನೇ ಕೇಳಿಸೋದು. ಒಂದು ಗಂಟೆ ಓಡಲು ಬಿಡಿ, ಬಿಸಿ ಇರುವಾಗಲೇ ತೆಗೆದು ಮತ್ತೆ ಹಾಕಿ. ಟ್ರೇ ತಡೆದು ತಡೆದು ಹೊರಗೆ ಬಂದರೆ ಹೆದರಬೇಡಿ, ರಬ್ಬರ್ ಬೆಲ್ಟ್ ಸಡಿಲವಾಗಿರುತ್ತೆ, ಸಾಮಾನ್ಯವಾಗಿ ಅದು ಸಣ್ಣ ಖರ್ಚು. ಹಿಂಭಾಗದಲ್ಲಿ 100 ವೋಲ್ಟ್ ಅಂತ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ. 220 ಅಥವಾ 230ರದ್ದೇ ಹುಡುಕಿ. ಮುಚ್ಚಳ ಬಿಚ್ಚಿ ತೋರಿಸಿ ಅಂತ ಕೇಳಿ. ಬಿಚ್ಚಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಬರೀ ಹಾಡು ಕೇಳಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ರಗಳೆ ಬೇಕಿಲ್ಲ. ಕೋಆಕ್ಸಿಯಲ್ ಡಿಜಿಟಲ್ ಔಟ್ (ಸದ್ದನ್ನು ಡಿಜಿಟಲ್ ಆಗಿಯೇ ಹೊರಗೆ ಕೊಡುವ ಕಿಂಡಿ) ಇರುವ ಒಂದು ಡಿವಿಡಿ ಪ್ಲೇಯರ್ ತಗೊಂಡು ಡ್ಯಾಕ್ ಇರುವ ಆಂಪ್ಲಿಫೈಯರ್‌ಗೆ ಕೊಟ್ಟರೆ ಕೆಲಸ ಆಗುತ್ತೆ. ನಮ್ಮ ಮನೆಯಲ್ಲಿ ಈಗ ಅದೇ ಇರೋದು, ಎಂಪಿ3 ಸಿಡಿಯನ್ನೂ ಓದುತ್ತೆ. ನೋಡೋಕೆ ಮಾತ್ರ ಏನೇನೂ ಚೆನ್ನಾಗಿಲ್ಲ.

ಕೊನೆಗೆ ಬಿಲ್. ಮಾಡೆಲ್, ಸೀರಿಯಲ್ ನಂಬರ್, ಹೆಡ್ ಬದಲಾಯಿಸಿದ್ದಾರೋ ಇಲ್ಲವೋ, ಎಷ್ಟು ದಿನದೊಳಗೆ ವಾಪಸ್ ತಗೊಳ್ಳುತ್ತಾರೆ, ಇಷ್ಟನ್ನೂ ಬರೆಸಿಕೊಂಡೇ ದುಡ್ಡು ಕೊಡಿ. ನಾನು ವಾಪಸ್ ಕೇಳಲು ಹೋದಾಗ “ಹಳೇ ಸಾಮಾನಿಗೆ ಗ್ಯಾರಂಟಿ ಎಲ್ಲಿದೆ ಸರ್, ಬಿಲ್ ನೋಡಿ” ಅಂದರು. ನೋಡಿದೆ. 14,000 ರೂಪಾಯಿಗೆ ಅವರು ಬರೆದುಕೊಟ್ಟಿದ್ದು ಇಷ್ಟೇ: ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, ಒಂದು.