ಮೆಪೊಲಿಝುಮ್ಯಾಬ್ ಇಂಜೆಕ್ಷನ್: 19 ತಿಂಗಳು ಬಳಸಿದ ಮೇಲೆ

ಮೊದಲು ಇಂಗಿನ ವಿಷಯ ಹೇಳಿಬಿಡುತ್ತೇನೆ. ಉಬ್ಬಸಕ್ಕೆ ತಗೊಳ್ಳುವ ಮೆಪೊಲಿಝುಮ್ಯಾಬಿನ ನಾಲ್ಕನೇ ಇಂಜೆಕ್ಷನ್ ಆಗಿ ಒಂದು ವಾರ ಕಳೆದಿತ್ತು. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ನಡುಮನೆಯಲ್ಲಿ ಕೂತಿದ್ದ ನನಗೆ ಇಂಗಿನ ಘಮ ಬಂತು. ಆರು ವರ್ಷದಿಂದ ಈ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಎದ್ದು ಹೋಗಿ ಒಲೆ ಮುಂದೆ ನಿಂತುಬಿಟ್ಟೆ. ನನ್ನ ಉಬ್ಬಸಕ್ಕೂ, ವಾಸನೆ ತಿಳಿಯದಂತೆ ಮೂಗಿನೊಳಗೆ ಬೆಳೆದಿದ್ದ ಮೆತ್ತನೆ ಗಡ್ಡೆಗೂ (ಪಾಲಿಪ್) ಕಾರಣ ಒಂದೇ, ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ.

ಅದಕ್ಕೂ ಮುಂಚೆ ಇನ್ಹೇಲರ್ ಜೊತೆ ದಿನಾ 10 ಮಿ.ಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದೆ. ಮುಖ ಊದಿತು, ಶುಗರ್ ಏರಿತು, ದಮ್ಮು ಮಾತ್ರ ಬಿಡಲಿಲ್ಲ. ಸ್ಟೀರಾಯ್ಡ್ ಸಾಮಾನ್ಯವಾಗಿ ಈ ಕಣಗಳನ್ನು ಸಾಯಿಸುತ್ತದೆ. ಆದರೆ ಐಎಲ್-5 ಎಂಬ ಪ್ರೋಟೀನ್ ಜಾಸ್ತಿ ಇದ್ದರೆ ಅವು ಸುಲಭಕ್ಕೆ ಸಾಯುವುದಿಲ್ಲ. ಆ ಪ್ರೋಟೀನನ್ನು ತಯಾರಿಸುವ ಐಎಲ್‌ಸಿ2 ಎಂಬ ರೋಗನಿರೋಧಕ ಕೋಶಗಳೂ ಕೆಲವರಲ್ಲಿ ಸ್ಟೀರಾಯ್ಡಿಗೆ ಜಗ್ಗುವುದಿಲ್ಲ. ಮೆಪೊಲಿಝುಮ್ಯಾಬ್ ಆ ಐಎಲ್-5 ಅನ್ನೇ ಹಿಡಿದು ಕಟ್ಟಿಹಾಕುತ್ತದೆ. ರಕ್ತದಲ್ಲಿ ನನ್ನ ಇಯೋಸಿನೊಫಿಲ್ ಎಣಿಕೆ 480ರಿಂದ 60ಕ್ಕೆ ಬಂತು. ಮಾತ್ರೆಯನ್ನು ಡಾಕ್ಟರು ಸ್ವಲ್ಪಸ್ವಲ್ಪವೇ ಇಳಿಸಿ, ಎಂಟು ತಿಂಗಳಿಗೆ ನಿಲ್ಲಿಸಿದರು.

ನಾಲ್ಕು ವಾರಕ್ಕೊಮ್ಮೆ ಶನಿವಾರ ಕ್ಲಿನಿಕ್ಕಿಗೆ ಹೋಗುತ್ತೇನೆ. ಸೀಸೆಯಲ್ಲಿ ಇರುವುದು ಬಿಳಿ ಪುಡಿ. ನರ್ಸ್ ಅಕ್ಕ ಅದಕ್ಕೆ ಇಂಜೆಕ್ಷನ್ನಿಗೆ ಬಳಸುವ ಶುದ್ಧ ನೀರು ಬಿಟ್ಟು, ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಕುಲುಕಬಾರದು, ನೊರೆ ಬರುತ್ತದೆ. ಐದು ನಿಮಿಷ ಇಬ್ಬರೂ ಆ ಸೀಸೆಯನ್ನೇ ನೋಡುತ್ತಾ ಅವರ ಮಗಳ ಪರೀಕ್ಷೆ ವಿಷಯ ಮಾತಾಡುತ್ತೇವೆ. ಆಮೇಲೆ ತೋಳಿಗೆ ಒಂದು ಚುಚ್ಚು, ಅಷ್ಟೇ.

ಬೇಜಾರಾಗುವುದು ಬಿಲ್ ನೋಡಿದಾಗ. ಆಸ್ಪತ್ರೆಯಲ್ಲಿ ಮಲಗದೆ ತಗೊಳ್ಳುವ ಔಷಧಿ ಅಂತ ನನ್ನ ವಿಮೆ ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಅಡ್ಮಿಟ್ ಆಗಿದ್ದಾಗೆಲ್ಲ ತಕರಾರಿಲ್ಲದೆ ಕೊಟ್ಟಿದ್ದರು. ಅಡ್ಮಿಟ್ ಆಗುವುದನ್ನು ತಪ್ಪಿಸಿದ ಔಷಧಿಗೆ ಮಾತ್ರ ಇಲ್ಲ ಅಂದರೆ ಹೇಗೆ? ಮನೆ ಕಟ್ಟಲು ಕೂಡಿಟ್ಟ ದುಡ್ಡು ಕರಗುತ್ತಿದೆ. ಆದರೂ ನಿಲ್ಲಿಸಲು ಮನಸ್ಸಿಲ್ಲ. ಈ ಮಳೆಗಾಲದಲ್ಲಿ ಒಂದು ರಾತ್ರಿಯೂ ಎದ್ದು ಕೂರಲಿಲ್ಲ.

ಎದುರುಮನೆ ಅಣ್ಣ ತಮಗೂ ಆಗುತ್ತಾ ಅಂತ ಕೇಳಿದರು. ಅವರ ಇಯೋಸಿನೊಫಿಲ್ ತೀರಾ ಕಡಿಮೆ. ಬೀಡಿ ಸೇದುತ್ತಾರೆ. ಉರಿಯೂತದ ಜೀನ್‌ಗಳನ್ನು ಮುಚ್ಚಲು ಸ್ಟೀರಾಯ್ಡಿಗೆ ಬೇಕಾದ ಎಚ್‌ಡಿಎಸಿ2 ಎಂಬ ಕಿಣ್ವ ಹೊಗೆಯಿಂದ ಕುಗ್ಗುತ್ತದೆ. ಅಂಥವರಲ್ಲಿ ಸ್ಟೀರಾಯ್ಡ್ ಕೆಲಸ ಮಾಡದಿರಲು ಕಾರಣ ಬೇರೆಯೇ ಇರಬಹುದು; ಐಎಲ್-5 ಕಟ್ಟಿಹಾಕುವ ಈ ಇಂಜೆಕ್ಷನ್ ಅವರಿಗೆ ಸುಮ್ನೆ ಖರ್ಚು. ದುಡ್ಡು ಹೊಂದಿಸುವ ಮೊದಲು ನಿಮ್ಮ ಹಳೇ ರಕ್ತದ ರಿಪೋರ್ಟ್‌ಗಳನ್ನೆಲ್ಲ ಡಾಕ್ಟರಿಗೆ ತೋರಿಸಿ. ನನ್ನ ಫೈಲಿನಲ್ಲಿ ಇಯೋಸಿನೊಫಿಲ್ ಸಂಖ್ಯೆ ಐದು ವರ್ಷ ಹಾಗೇ ಬಿದ್ದಿತ್ತು, ಯಾರೂ ಅದರ ಕಡೆ ನೋಡಿರಲಿಲ್ಲ.